ಗುಂಡಿನ ಮೇಲಿನ ವಿಭೂತಿ

ತೋಟದ ಮನೆ, ಕಿಬ್ಬನಹಳ್ಳಿ
೧೬-೧೦-೨೦೨೫, ಗುರುವಾರ

ನನ್ನ ಜೀವಿತಾ,

ಅಮ್ಮನ ಆಶೀರ್ವಾದ. ಅಂಗೈ ಗಾಯ ಒಣಗಿತಾ? ಫೋನು ಇರುವಾಗ ಅಮ್ಮ ಕಾಗದ ಯಾಕೆ ಬರೆದಳು ಅಂತ ನಗಬೇಡ. ನಿನ್ನ ಫೋನು ಬಂದರೆ ನಿಮ್ಮಪ್ಪ ಸ್ಪೀಕರಿಗೆ ಹಾಕಿ ಪಕ್ಕದಲ್ಲೇ ಕೂರುತ್ತಾರೆ. ಮೆಸೇಜು ಬಂದರೆ ನನಗಿಂತ ಮೊದಲು ಅವರೇ ಓದುತ್ತಾರೆ. ಇದು ಅವರಿಗೆ ತಿಳಿಯಬಾರದ ವಿಷಯ. ನಾಳೆ ನಿನ್ನ ಗೆಳತಿ ಯಾಸ್ಮಿನ್ ನಿಮ್ಮ ಹಾಸ್ಟೆಲಿಗೆ ವಾಪಸ್ ಹೊರಟಿದ್ದಾಳಂತೆ. ಕೊಬ್ಬರಿ ಮಿಠಾಯಿ ಡಬ್ಬದ ತಳದಲ್ಲಿ ಇದನ್ನು ಇಟ್ಟು ಅವಳ ಕೈಲಿ ಕೊಡುತ್ತೇನೆ. ಒಬ್ಬಳೇ ಇದ್ದಾಗ ಓದು.

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಎದೆಯಲ್ಲೇ ಇದೆ. ಈ ಭಾನುವಾರ ತುಮಕೂರಿನ ಆಯ್ಕೆ ಸ್ಪರ್ಧೆಗೆ ಹೋಗಲ್ಲ, ನನ್ನ ಕೈಲಿ ಹಿಡಿತವೇ ಇಲ್ಲ, ಕೋಚ್ ಅಫ್ತಾಬ್ ಸರ್ ಕೂಡ ಅದನ್ನೇ ಹೇಳಿದರು, ಇನ್ನು ಆ ಕೆಟಲ್‌ಬೆಲ್ ಮುಟ್ಟಲ್ಲ ಅಂದೆ. ಪಕ್ಕದಲ್ಲಿದ್ದ ನಿಮ್ಮಪ್ಪ ಎದ್ದು ತೋಟಕ್ಕೆ ಹೋದವರು ಸಂಜೆವರೆಗೂ ಊಟಕ್ಕೆ ಬರಲಿಲ್ಲ.

ನಿನ್ನ ಕೈಲಿ ಬಲ ಇಲ್ಲ ಅನ್ನೋದು ಸುಳ್ಳು ಕಣೇ. ಹತ್ತು ನಿಮಿಷ ಆ ಹಿಡಿ ಇರುವ ಕಬ್ಬಿಣದ ಗುಂಡನ್ನು ಕೆಳಗಿಡದೆ ಒಂದೇ ಕೈಲಿ ತಲೆ ಮೇಲಕ್ಕೆ ಬೀಸಿ ಎತ್ತುತ್ತೀಯ, ನಡುವೆ ಕೈ ಬದಲಾಯಿಸೋದು ಒಂದೇ ಸಲ. ಒಂದು ಗಳಿಗೆ ಕೆಳಗಿಟ್ಟು ಬೆವರು ಒರೆಸಿಕೊಂಡರೆ ಗಂಟೇನು ಹೋಗುತ್ತೆ ಅಂತ ನಾನೇ ಒಮ್ಮೆ ಕೇಳಿದ್ದೆ. ಕೆಳಗಿಟ್ರೆ ಅಲ್ಲಿಗೆ ಮುಗೀತು ಕಣಮ್ಮ ಅಂದಿದ್ದೆ ನೀನು.

ನಿಮ್ಮಪ್ಪನ ವಿಷಯ ನಿನಗೆ ಗೊತ್ತೇ ಇದೆ. ಊರಿಗೆಲ್ಲ ಒಂದು ದಾರಿ ಆದ್ರೆ ನಮ್ಮನೆ ಹುಡುಗೀದೇ ಒಂದು ದಾರಿ ಅಂತ ವರ್ಷವಿಡೀ ಮುಖ ಊದಿಸಿಕೊಂಡೇ ಇದ್ದರು. ಆದರೆ ಆಯುಧ ಪೂಜೆ ದಿನ ಕಾಯಿ ಸುಲಿಯುವ ಹಾರೆ, ಮಚ್ಚು, ಪಂಪ್‌ಸೆಟ್ಟಿನ ಸ್ಟಾರ್ಟರಿಗೂ ಕುಂಕುಮ ಇಟ್ಟವರು, ನಿನ್ನ ಗುಂಡನ್ನೂ ತಾ ಅಂದರು. ನೀನು ಕೊಡಲಿಲ್ಲ. ಕೈ ಜಾರದಿರಲಿ ಅಂತ ಹಿಡಿಗೆ ಬಿಳಿ ಪುಡಿ ಉಜ್ಜಿ ಹದ ಮಾಡಿದ್ದೀನಿ, ಯಾರೂ ಮುಟ್ಟಬೇಡಿ ಅಂದೆ. ಅವರು, ಪೂಜೆ ಕಾಣದ ಕಬ್ಬಿಣ ಎತ್ತಿದವರ ಮೇಲೇ ತಿರುಗುತ್ತೆ ಅಂತ ರಾತ್ರಿಯೆಲ್ಲ ನನ್ನ ಹತ್ತಿರ ಗೊಣಗಿದರು.

ತಿಪಟೂರಿನ ಸ್ಪರ್ಧೆ ದಿನ ಬೆಳಿಗ್ಗೆ ನೀನು ಸ್ನಾನಕ್ಕೆ ಹೋದೆಯಲ್ಲ, ಆಗ ಅವರು ನಿನ್ನ ಕೋಣೆಗೆ ಹೋದರು. ಕಬ್ಬಿಣಕ್ಕೆ ಮಾಡುವ ಹಾಗೆ ಹಿಡಿಯನ್ನು ಚೆನ್ನಾಗಿ ಒರೆಸಿ, ಕೊಬ್ಬರಿ ಎಣ್ಣೆ ಸವರಿದರು. ಕುಂಕುಮ ಇಟ್ಟರೆ ನೀನು ಕಂಡುಹಿಡಿದು ರೇಗುತ್ತೀಯ ಅಂತ ಮೇಲೆಲ್ಲ ವಿಭೂತಿ ಬಳಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕೊನೆಗೂ ಈ ಮನುಷ್ಯ ಮಗಳ ಕಡೆ ಬಂದರಲ್ಲ ಅಂತ ಸಂತೋಷಪಟ್ಟೆನೇ ಹೊರತು ನನಗೆ ಬೇರೇನೂ ಹೊಳೆಯಲಿಲ್ಲ.

ಆ ಸ್ಪರ್ಧೆಯಲ್ಲಿ ಅವರವರ ಗುಂಡು ಅವರೇ ತರಬೇಕು ಅನ್ನೋ ನಿಯಮ ಬೇರೆ. ನೀನೂ ಆ ಬಿಳುಪನ್ನು ನಿನ್ನ ಪುಡಿ ಅಂದುಕೊಂಡೆ, ಅದರ ಮೇಲೇ ಇನ್ನಷ್ಟು ಪುಡಿ ಬಳಿದೆ. ಶುರುವಿನಲ್ಲಿ ಎಷ್ಟು ಚೆನ್ನಾಗಿ ಎತ್ತಿದೆ. ಕೈ ಬಿಸಿಯಾಗುತ್ತಾ ಪುಡಿ ಕರಗಿ, ಕಲ್ಯಾಣ ಮಂಟಪದ ಅಂಗಳದ ಬಿಸಿಲಿಗೆ ಹಿಡಿ ಮಿರುಗಿತು. ಎಣ್ಣೆಯ ಮಿರುಗು ಹೇಗಿರುತ್ತೆ ಅಂತ ಕೊಬ್ಬರಿ ಮನೆ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೂಗೋಣ ಅಂತ ಬಾಯಿ ತೆರೆದೆ. ಏನಂತ ಕೂಗಲಿ? ನಿಲ್ಲಿಸು ಅಂದರೆ ನೀನು ಕೆಳಗಿಡಬೇಕು, ಇಟ್ಟರೆ ಮುಗಿಯಿತು. ಪಕ್ಕದಲ್ಲಿ ನಿಮ್ಮಪ್ಪ ಕೈ ಮುಗಿದುಕೊಂಡು ಸಿದ್ದರಾಮಪ್ಪ, ಕಾಯಪ್ಪ ಅಂತ ಬೇಡುತ್ತಿದ್ದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಕೂತೆ. ನೀನು ಬೆರಳು ಬಿಗಿ ಮಾಡಿದಷ್ಟೂ ಅಂಗೈ ಚರ್ಮ ಕಿತ್ತು ಬಂತು, ಆಮೇಲೆ ಗುಂಡು ಹಾರಿ ಬಿತ್ತು. ಹೆತ್ತವಳಾಗಿ ಹತ್ತು ಮಾರು ದೂರದಲ್ಲಿ ಕೂತು ಅದನ್ನೆಲ್ಲ ನೋಡಿದೆ.

ಅವತ್ತಿನಿಂದ ಇದು ನನಗೆ ಬಿಸಿತುಪ್ಪ, ನುಂಗೋಕೂ ಆಗುತ್ತಿಲ್ಲ, ಉಗುಳೋಕೂ ಆಗುತ್ತಿಲ್ಲ. ನಿನಗೆ ಹೇಳದಿದ್ದರೆ ಇಲ್ಲದ ದೌರ್ಬಲ್ಯ ನಂಬಿಕೊಂಡು ಬಿಟ್ಟುಬಿಡುತ್ತೀಯ. ಅವರಿಗೆ ಹೇಳಿದರೆ ಆ ಜೀವ ಕುಗ್ಗಿಹೋಗುತ್ತೆ. ಅವರು ನಿನ್ನ ಗುಂಡು ಮುಟ್ಟಿದ್ದು ಅದೊಂದೇ ಸಲ. ಅದೇ ಮಗಳ ಕೈ ಕಿತ್ತಿತು ಅಂತ ಯಾವ ಬಾಯಲ್ಲಿ ಹೇಳಲಿ? ಎಷ್ಟೋ ಸಲ ಅನ್ನ ಬಡಿಸುವಾಗ ಹೇಳಿಬಿಡೋಣ ಅಂತ ಹೋಗಿ, ಸಾರು ಹಾಕಲಾ ಅಂತ ಕೇಳಿ ಬಂದಿದ್ದೇನೆ.

ಹಾಗಾಗಿ ನಿನಗೆ ಮಾತ್ರ ಹೇಳಿದ್ದೇನೆ. ಅಪ್ಪನ ಮೇಲೆ ಕೋಪ ಮಾಡಿಕೊಳ್ಳಬೇಡ. ಮಾಡಿಕೊಂಡರೂ ತೋರಿಸಬೇಡ. ಭಾನುವಾರ ಹೋಗು ಅಂತ ಬಲವಂತ ಮಾಡುವ ಶಕ್ತಿ ನನಗಿಲ್ಲ, ಆದರೆ ಕೈ ಸರಿಯಿಲ್ಲ ಅಂತ ಮಾತ್ರ ಬಿಡಬೇಡ.

ದಾರಿ ಕಾಯುತ್ತಾ,
ನಿನ್ನ ಅಮ್ಮ
ಸುವರ್ಣಮ್ಮ

ಮತ್ತೊಂದು ಮಾತು: ಕಾಗದ ಮಡಿಸುವಷ್ಟರಲ್ಲಿ ಹಜಾರದಿಂದ ಎಣ್ಣೆ ವಾಸನೆ ಬಂತು. ಹೋಗಿ ನೋಡಿದರೆ ನಿಮ್ಮಪ್ಪ ನೀನು ಇಲ್ಲೇ ಬಿಟ್ಟುಹೋದ ಗುಂಡನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಾರೆ. ಹೋದ್ಸಲ ಮನ್ಸಲ್ಲಿ ಕೋಪ ಇಟ್ಕೊಂಡು ಪೂಜೆ ಮಾಡ್ಬುಟ್ಟೆ ಕಣೇ, ಅದ್ಕೇ ಜಾರಿದ್ದು, ಈ ಸಲ ಭಕ್ತಿಯಿಂದ ಮಾಡ್ತೀನಿ, ಭಾನುವಾರ ನಾನೇ ತುಮಕೂರಿಗೆ ತಗೊಂಡೋಗಿ ಅವಳ ಕೈಗೆ ಕೊಡ್ತೀನಿ ಅಂದರು. ಎರಡು ಪಟ್ಟು ಎಣ್ಣೆ ಹಾಕಿದ್ದಾರೆ. ನನಗೆ ಬೇಡ ಅನ್ನಲು ಆಗಲಿಲ್ಲ. ಹೇಗಾದರೂ ಅವರ ಕಣ್ಣು ತಪ್ಪಿಸಿ ಸೋಪು ಹಾಕಿ ತೊಳೆದು, ಮೇಲೆ ನಿನ್ನ ಪುಡಿ ಬಳಿದುಕೋ. ದೂರದಿಂದ ಅವರಿಗೆ ಅದು ವಿಭೂತಿ ಹಾಗೇ ಕಾಣುತ್ತೆ.