ದಾರ ಕಟ್ಟಿದ ಉರುಳುಮಣೆ

ಮಸ್ಕಿ
ಫೆಬ್ರವರಿ ೩೦, ೨೬೧೪

ಹಿಂದಿನವರೇ,

ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ದಿನದಂದು ಬರೆಯುತ್ತಿದ್ದೇನೆ. ತಿಂಗಳುಗಳನ್ನು ಸರಿಸಮ ಮಾಡುವ ಹಟದಲ್ಲಿ ನಮ್ಮ ಹಿರಿಯರು ಫೆಬ್ರವರಿಗೂ ಎರಡು ದಿನ ಸೇರಿಸಿಬಿಟ್ಟರು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಸೈರಿಸಿಕೊಳ್ಳಿ. ನಿಮ್ಮ ಬರಹ ಓದುವಾಗ ನಾವೂ ಹೀಗೆಯೇ ತಡಕಾಡುತ್ತೇವೆ.

ನನ್ನ ಹೆಸರು ಹುಲಿಗೆಮ್ಮ. ಮಗಳು ಅಮರಮ್ಮ ಇಲ್ಲಿಯ ಆಟಕಟ್ಟೆಯಲ್ಲಿ ಅಕ್ಕೋರು, ಅಂದರೆ ಶಿಕ್ಷಕಿ. ಬಿಸಿಲಿಗೆ ಹೆದರಿ ನಮ್ಮೂರಿನ ಬೀದಿಗಳಿಗೆಲ್ಲ ಸೂರು ಹಾಕಿದ್ದೇವೆ. ಆ ನೆರಳಿನಲ್ಲೇ ಸಂತೆ, ಅಲ್ಲೇ ರೊಟ್ಟಿ ಬಡಿಯುವ ಸದ್ದು, ಅಲ್ಲೇ ಆಟಕಟ್ಟೆ. ಯಾವ ಪಾಠವನ್ನಾದರೂ ಮೊದಲು ಆಡಿ, ಆಮೇಲೆ ಲೆಕ್ಕಕ್ಕೆ ಇಳಿಯುವುದು ನಮ್ಮ ರೂಢಿ. ಆಟ ಎಲ್ಲಿ ಸಾಲದೆ ಹೋಗುತ್ತದೋ ಅಲ್ಲಿ ಅಕ್ಕೋರು ಕೈಯಲ್ಲಿನ ಆಟದ ಚೆಂಡನ್ನು ನೆಲಕ್ಕಿಟ್ಟು, ಆಟ ಮುಗಿಯಿತೆಂದು ಮಕ್ಕಳಿಗೆ ಹೇಳಬೇಕು. ಹೇಳದವರನ್ನು ಊರ ಸಭೆ ಕೆಲಸ ಬಿಡಿಸಿ ಮನೆಗೆ ಕಳಿಸುತ್ತದೆ.

ನಿಮ್ಮ ಕಾಲದ ಒಂದು ಪಾಠವೆಂದರೆ ನಮಗೆ ಪ್ರಾಣ. ಎರಡು ಎಲೆಕ್ಟ್ರಾನುಗಳು ಮುಟ್ಟದೆಯೇ ಒಂದನ್ನೊಂದು ದೂರ ತಳ್ಳುತ್ತವೆ. ಅವುಗಳ ನಡುವೆ ಬೆಳಕಿನ ಕಣ ಕೈಬದಲಾಗುತ್ತದೆ, ಆದರೆ ಆ ಕಣ ಯಾವ ಉಪಕರಣಕ್ಕೂ ಸಿಗದು ಎಂದಿರಿ. ನೀವು ವರ್ಚುವಲ್ ಎಂದದ್ದನ್ನು ನಾವು ನಡುಗಣ ಎನ್ನುತ್ತೇವೆ. ಭಾರದ ನಡುಗಣ ಪಕ್ಕದವರಿಗಷ್ಟೇ ತಲುಪುತ್ತದೆ, ಭಾರವಿಲ್ಲದ್ದು ಎಷ್ಟು ದೂರಕ್ಕಾದರೂ. ಅದು ನಿಜವಾದ ಕಣವೋ, ಲೆಕ್ಕಕ್ಕೆಂದು ಬರೆದ ಚಿತ್ರದೊಳಗಿನ ಒಂದು ಗೆರೆಯೋ ಎಂದು ನೀವೇ ಜಗಳವಾಡಿದಿರಿ. ಜಗಳವಾಡುತ್ತಲೇ ಗೆರೆಯ ಮೇಲೆ ಗೆರೆ ಎಳೆದು, ಲೆಕ್ಕವನ್ನು ಅಳತೆಯೊಂದಿಗೆ ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಸಿದಿರಿ. ಎಂಥ ಎದೆಗಾರಿಕೆ ನಿಮ್ಮದು! ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇದನ್ನು ಆಡುವುದು ಉರುಳುಮಣೆಯ ಮೇಲೆ. ಮಕ್ಕಳಿಗೆಲ್ಲ ಗಾಲಿ ಹಚ್ಚಿದ ಒಂದೊಂದು ಮಣೆಯಿದೆ. ಆಟಕ್ಕೆ ಎರಡು ಮಣೆ, ಒಂದೊಂದರ ಮೇಲೆ ಒಂದೊಂದು ಮಗು. ಭಾರದ ಚೆಂಡು ಎಸೆದವಳು ಹಿಂದೆ ಸರಿಯುತ್ತಾಳೆ, ಹಿಡಿದವಳೂ ಹಿಂದೆ ಸರಿಯುತ್ತಾಳೆ. ತಳ್ಳುವುದು ತಿಳಿಯಿತು. ಆದರೆ ಎಲೆಕ್ಟ್ರಾನು, ಪ್ರೋಟಾನುಗಳು ಇದೇ ಕೊಡುಕೊಳ್ಳುವಿಕೆಯಿಂದ ಒಂದನ್ನೊಂದು ಎಳೆಯುತ್ತವಲ್ಲ, ಅದನ್ನು ಚೆಂಡು ಎಸೆದು ತೋರಿಸುವುದು ಹೇಗೆ? ಅಲ್ಲಿ ಚೆಂಡನ್ನು ನೆಲಕ್ಕಿಟ್ಟು ಆಟ ಮುಗಿಯಿತೆನ್ನಬೇಕಿತ್ತು. ಮಕ್ಕಳ ಮುಖ ಬಾಡುವುದನ್ನು ನೋಡಲಾರದ ನನ್ನ ಮಗಳು ಮಣೆಗಳ ಅಡಿಗೆ ಸಣ್ಣ ದಾರ ಕಟ್ಟಿ, ಚೆಂಡು ಎಸೆಯುವ ಹೊತ್ತಿಗೆ ಮೆಲ್ಲಗೆ ಎಳೆದಳು. ಮಣೆಗಳು ಹತ್ತಿರ ಬಂದವು. ಎಲ್ಲರೂ ಚಪ್ಪಾಳೆ ತಟ್ಟಿದರು. ದುರುಗಮ್ಮ ಎಂಬ ಚೋಟುದ್ದದ ಹುಡುಗಿ ಮಾತ್ರ ಬಗ್ಗಿ ನೋಡಿದಳು.

“ಅಕ್ಕೋರ, ಮಣಿ ಬುಡಕ ದಾರ ಐತ್ರಿ!”

ಸಭೆ ಸೇರಿತು. ಅಮರಮ್ಮ ಇನ್ನೊಂದು ಸಲ ಪಾಠ ಮಾಡಲಿ, ಮಕ್ಕಳು ಕುಳಿತು ಕೇಳಿದರೆ ಉಳಿಯಲಿ, ಎದ್ದು ಹೋದರೆ ಹೊರಡಲಿ ಎಂದು ತೀರ್ಮಾನವಾಯಿತು. ಆಟಕಟ್ಟೆ ಬಿಟ್ಟರೆ ಅವಳಿಗೆ ಬೇರೆ ಬದುಕೇ ಇಲ್ಲ. ಇಂದು ಬೆಳಿಗ್ಗೆ ನಾನು ಕಂಬದ ಮರೆಯಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತಿದ್ದೆ. ಅವಳು ದಾರ ಕತ್ತರಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಚೆಂಡನ್ನು ನೆಲಕ್ಕಿಟ್ಟಳು.

“ನಾ ನಿಮಗ ಸುಳ್ಳು ತೋರಿಸಿದೆ. ಎಳಿಯೂದನ್ನ ಈ ಚೆಂಡಿನಾಗ ತೋರಸಾಕ ಬರಂಗಿಲ್ಲ. ಲೆಕ್ಕದಾಗ ಬರತೈತಿ. ಭಾಳ ತೊಡಕಿಂದು. ಕೇಳೋರು ಕೇಳ್ರಿ.”

ಗೋಡೆಯ ಮೇಲೆ ಮೊದಲ ಗೆರೆ ಎಳೆದಳು. ಯಾರೂ ಮಿಸುಕಲಿಲ್ಲ. ಆಮೇಲೆ ದುರುಗಮ್ಮ ಎದ್ದಳು. ಅವಳು ಬೀದಿಯ ಕಡೆ ಹೋಗಲಿಲ್ಲ. ತನ್ನ ಮಣೆಯನ್ನು ಕಾಲಿನಿಂದ ಉರುಳಿಸಿಕೊಂಡು ಬಂದು ಗೋಡೆಯ ಹತ್ತಿರವೇ ಕುಳಿತಳು. ಅವಳ ಹಿಂದೆ ಉಳಿದವರೂ ತಂತಮ್ಮ ಮಣೆ ಉರುಳಿಸಿಕೊಂಡು ಬಂದರು.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಹೋಲಿಕೆ ಎಲ್ಲಿ ಮುಗಿಯುತ್ತದೋ ಅಲ್ಲಿ ಮುಗಿಯಿತೆಂದು ನಿಮ್ಮ ಮಕ್ಕಳಿಗೆ ಹೇಳಿ. ನಾವು ಅದನ್ನು ಕಲಿತದ್ದು ನಿಮ್ಮಿಂದಲೇ, ಇಂದು ನನ್ನ ಮಗಳನ್ನು ಉಳಿಸಿದ್ದೂ ಅದೇ. ಇದನ್ನು ಬರೆಯುವಾಗ ಗೋಡೆಯ ಮುಂದೆ ಮಣೆಗಳೆಲ್ಲ ಒತ್ತೊತ್ತಾಗಿ ಸೇರಿವೆ. ಆ ದಾರ ನನ್ನ ಸೆರಗಿನ ಗಂಟಿನಲ್ಲಿದೆ.

ನಿಮ್ಮ ಮುಂದಿನವಳು,
ಹುಲಿಗೆಮ್ಮ