ಅತ್ತೆಯ ಜ್ವರ

ಮಹಡಿ ಕೋಣೆ,
ಹದಿನಾರನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಎಡಗಡೆ ಮಲಗಿದರೆ ಎದೆಯೊಳಗಿನ ಪೇಸ್‌ಮೇಕರ್ ಯಂತ್ರ ಒತ್ತುತ್ತದೆ ಅಂದಿದ್ದೆ, ಈಗ ಪರವಾಗಿಲ್ಲವೇ? ಬೆನ್ನುನೋವಿಗೆ ಎಂಆರ್‌ಐ ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರ್ ಹೇಳಿದ ಮಾರನೇ ದಿನವೇ ನಿನಗೆ ತಂಗಿಯ ಮೇಲೆ ಮಮತೆ ಉಕ್ಕಿ ಅವಳ ಮನೆಗೆ ಹೊರಟುಬಿಟ್ಟೆಯಲ್ಲ, ಚಿಕ್ಕಮ್ಮನಿಗೂ ಆಶ್ಚರ್ಯವಾಗಿರಬೇಕು. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲವೆಂದು ನಿನಗೆ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನೆಂದು ಚಿಕ್ಕಮ್ಮ ಕೇಳಿದರೆ, ಎಂಜಿನಿಯರುಗಳು ಮಾಡಿದ್ದನ್ನು ಓದಲು ಬರುವಂತೆ ಬರೆಯುವುದು ಅನ್ನು. ದಿನವಿಡೀ ಮೂಲೆಯಲ್ಲಿ ಕೂತು ಅವರ ಕಂಪ್ಯೂಟರ್ ಪರದೆ ನೋಡುತ್ತೇನೆ. ಅಲ್ಲಿ ಚೌಕ ಚೌಕಗಳನ್ನು ಜೋಡಿಸಿ ಮಾಡಿದ ಒಬ್ಬ ಹೆಂಗಸು ಮಲಗಿದ್ದಾಳೆ. ತಾನು ಅಲುಗಾಡುವುದಿಲ್ಲ, ಕೋಣೆಯವರೆಲ್ಲ ಅವಳ ಸೇವೆಗೆ ನಿಂತಿರಬೇಕು; ಅದಕ್ಕೇ ಅವಳ ಹೆಸರು ಅತ್ತೆ. ಅವಳ ಎದೆಯಲ್ಲೂ ನಿನ್ನದೇ ಥರದ ಯಂತ್ರ, ಅದೇ ತೆಳು ತಂತಿ. ಸ್ಕ್ಯಾನಿನ ಅಲೆಗಳು ಬಂದರೆ ಆ ತಂತಿ ಎಷ್ಟು ಬಿಸಿಯಾಗುತ್ತದೆ ಎಂದು ಇವರು ಲೆಕ್ಕ ಹಾಕುತ್ತಾರೆ. ಅಲೆ ನೀಲಿಯಾಗಿ ಬರುತ್ತದೆ ಅಮ್ಮಾ, ಭುಜ ದಾಟಿ, ಪಕ್ಕೆಲುಬುಗಳ ನಡುವೆ ತೂಗುತ್ತಾ. ನೋಡುತ್ತಾ ನೋಡುತ್ತಾ ನನ್ನ ಕಾಫಿ ಆರಿಹೋಗಿರುತ್ತದೆ.

ಕಷ್ಟವಿರುವುದು ತಂತಿಯ ಹತ್ತಿರ. ಮೈಗೆಲ್ಲ ದೊಡ್ಡ ಚೌಕಗಳು ಸಾಕು; ತಂತಿ ಕಾಣಬೇಕಾದರೆ ಅದರ ಸುತ್ತ ಮಾತ್ರ ಪುಟ್ಟ ಚೌಕಗಳು ಬೇಕು. ದೊಡ್ಡವು ಒಂದು ಹೆಜ್ಜೆ ಇಡುವಷ್ಟರಲ್ಲಿ ಪುಟ್ಟವು ಹಲವು ಹೆಜ್ಜೆ ಓಡುತ್ತವೆ, ನಿನ್ನ ಬೆರಳು ಹಿಡಿದು ನಾನು ಓಡುತ್ತಿದ್ದ ಹಾಗೆ. ಎರಡೂ ಸೇರುವ ಗಡಿಯಲ್ಲಿ ಒಂದು ಕಡೆ ಕೊಟ್ಟ ಅಲೆಗೂ ಇನ್ನೊಂದು ಕಡೆ ಪಡೆದದ್ದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಅದು ಸುತ್ತು ಸುತ್ತಿಗೂ ಬೆಳೆಯುತ್ತದೆ. ಅಲೆ ಹೊರಟುಹೋದ ಮೇಲೂ ಗಡಿ ಹೊಳೆಯುತ್ತಿರುತ್ತದೆ, ಕೊನೆಗೆ ಲೆಕ್ಕವೇ ಕೆಟ್ಟು ಪರದೆಯೆಲ್ಲ ಕೆಂಪು. "ಅತ್ತೆಗೆ ಜ್ವರ ಬಂತ್ರೋ!" ಎಂದು ಯಾರೋ ಕೂಗುತ್ತಾರೆ.

ಹೋದ ವಾರ ನಮ್ಮ ಗುಂಗುರು ಕೂದಲಿನ ಎಂಜಿನಿಯರ್ ಗಡಿಯುದ್ದಕ್ಕೂ ಅಲೆಯನ್ನು ತುಸು ಹೀರಿಕೊಳ್ಳುವ ಪಟ್ಟಿ ಇಟ್ಟ. ಜ್ವರ ಬಿಟ್ಟಿತು. ತಂತಿ ತಣ್ಣಗಿತ್ತು, ಚಿತ್ರ ಮುದ್ದಾಗಿತ್ತು. ನಾನಂತೂ ನಿನಗೆ ಹೇಳಲೆಂದು ಫೋನ್ ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ತಂಡದ ಹಿರಿಯ ಮೇಡಂ ಬಂದು ನೋಡಿ, "ಏನಪ್ಪಾ, ಅತ್ತೆಗೆ ವಾಸಿ ಆಗಿಲ್ಲ, ಬಾಯಿಗೆ ಬಟ್ಟೆ ತುರುಕಿದ್ದೀಯ ಅಷ್ಟೇ" ಅಂದರು. ತಂತಿಯನ್ನು ಮುಟ್ಟುವ ಮೊದಲೇ ಅಲೆಯನ್ನು ಆ ಪಟ್ಟಿ ನುಂಗುತ್ತಿತ್ತಂತೆ. ಅದನ್ನು ಕಿತ್ತುಹಾಕಿ, ಒಂದು ಕಡೆ ಕೊಟ್ಟ ಅಳತೆಯಲ್ಲೇ ಇನ್ನೊಂದು ಕಡೆ ಹಿಂದಕ್ಕೆ ಪಡೆಯುವಂತೆ ಗಡಿಯ ಲೆಕ್ಕವನ್ನು ಹೊಸದಾಗಿ ಬರೆದರು. ನಿನ್ನೆ ಅಲೆ ಬಂತು, ಹೋಯಿತು, ಪರದೆ ಕಪ್ಪಾಯಿತು, ಕಪ್ಪಾಗಿಯೇ ಉಳಿಯಿತು. ಈಜುವವರೆಲ್ಲ ಎದ್ದುಹೋದ ಕೊಳದ ಹಾಗೆ. ಈ ಸಲ ಜ್ವರ ನಿಜವಾಗಿಯೂ ಬಿಟ್ಟಿತ್ತು.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ಮಾತ್ರೆ ತಪ್ಪಿಸಬೇಡ.

ನಿನ್ನ
ಮೌನಗೌರಿ

ಮತ್ತೆ, ಅವಸರದಲ್ಲಿ: "ಏನೂ ಆಗಲ್ಲ ಅಂತ ನೀನೊಂದು ಮಾತು ಹೇಳಿಬಿಡು, ಸ್ಕ್ಯಾನಿಗೆ ಬರ್ತೀನಿ" ಅಂದಿದ್ದೆಯಲ್ಲ. ಆ ಮಾತು ಹೇಳಲಾರೆ ಅಮ್ಮಾ. ತಂತಿ ಬಿಸಿಯಾಗುತ್ತದೆ. ಅಲೆಯ ಬಲ ತಗ್ಗಿಸಿದರೆ ಆ ಬಿಸಿ ಮೈ ತಡೆಯುವಷ್ಟೇ ಇರುತ್ತದೆ ಎನ್ನುತ್ತದೆ ಲೆಕ್ಕ. ನಾನು ಬರೆಯುವ ವರದಿ ನಿನ್ನ ಡಾಕ್ಟರಿಗೂ ಹೋಗುತ್ತದೆ, ತೀರ್ಮಾನ ಅವರದು. ಭಯ ಇಟ್ಟುಕೊಂಡೇ ಬಾ. ನನಗೂ ಇದೆ, ಇಬ್ಬರೂ ಒಟ್ಟಿಗೆ ಹೋಗೋಣ.