ಉಳಿದ ಒಂದೀಟು

ಅಪ್ಪಾ,

ಇವತ್ತು ಶಿಗ್ಗಾಂವದ ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ಟ್ರಂಪೆಟ್ ಕನ್ಚೆರ್ಟೊ ಒಂದನ್ನು ನೋಡಿದೆ, ದೊಡ್ಡ ಮೇಳದ ಮುಂದೆ ಒಬ್ಬನೇ ನಿಂತು ಟ್ರಂಪೆಟ್ ಊದುವಂಥದ್ದು. ನಿನ್ನ ಟ್ರಂಪೆಟ್ಟಿನಂತೆ ಗುಂಡಿಗಳಲ್ಲ, ಮೈಗೆ ತೂತುಗಳಿದ್ದ ಹಳೇ ಕಾಲದ ಟ್ರಂಪೆಟ್ಟಿಗೆಂದೇ ಇನ್ನೂರು ವರ್ಷದ ಹಿಂದೆ ಬರೆದದ್ದಂತೆ. ಒಂದು ಕಡೆ ಇಡೀ ಮೇಳ ವಾದ್ಯ ಕೆಳಗಿಳಿಸಿತು. ಟ್ರಂಪೆಟ್ಟಿನವನೊಬ್ಬನೇ ಮನಸ್ಸಿಗೆ ಬಂದಂತೆ ಊದುತ್ತಾ ಹೋದ. ಯಾರೂ ನಗಲಿಲ್ಲ. ಅವನು ಮುಗಿಸಲೆಂದು ಎಲ್ಲರೂ ಕಾದರು.

ಹಂಸಭಾವಿಯ ಮದುವೆಯಲ್ಲಿ ನಿನ್ನ ಬ್ಯಾಂಡಿನವರೆಲ್ಲ ಊಟಕ್ಕೆ ಎದ್ದು ಹೋದರೂ ನೀನು ಕಣ್ಣು ಮುಚ್ಚಿ ಊದುತ್ತಲೇ ಇದ್ದೆ. ನಾನೇ ಬಂದು ತೋಳು ಹಿಡಿದೆ.

"ಸಾಕ್ ಮಾಡಪ್ಪಾ, ಮಂದಿ ನಗಾಕತ್ತಾರ."

"ಇನ್ನೊಂದೀಟ ಇತ್ತವ್ವಾ" ಅಂದು ನೀನು ಟ್ರಂಪೆಟ್ ಒರೆಸಿ ಚೀಲಕ್ಕೆ ಹಾಕಿದೆ.

ಅದಾಗಿ ಮೂರು ತಿಂಗಳಿಗೆ ನೀನು ಹೋದೆ.

ಆ ಒಂದೀಟು ಹೇಗಿತ್ತು, ಅಪ್ಪಾ?